ಅಡ್ಮಿಟ್ ಅಂತ ಬರೀರಿ

ಸಿಂಧನೂರಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದು ತಾನಾಗಿಯೇ ಬಸ್ಸು ಹತ್ತಿ ಬರುತ್ತದೆ. ಕೇಸ್ ಶೀಟ್ ಓದಿ ವಿಮೆಯವರಿಗಾಗಿ ಕಾಯಿಲೆಗೆ ಕೋಡ್ ಹಾಕುವುದು ನನ್ನ ಕೆಲಸ. ಬಂದವರನ್ನು ಮೊದಲು ಕೆಲವು ತಾಸು 'ಅಬ್ಸರ್ವೇಷನ್' ಅಂತ ಮಲಗಿಸುತ್ತಾರೆ. ಕಡಿಮೆಯಾಗದಿದ್ದರೆ 'ಅಡ್ಮಿಟ್'. ಹಾಗೆ ಬದಲಾಯಿಸಿದಾಗ ಡಾಕ್ಟರು ಕಾರಣ ಬರೆಯಲೇಬೇಕು. ಈಗ ಹೊಸ ಕಟ್ಟಡದ ಗಾಜಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ, ರೋಗಿಯ ಮುಖವೇ ಕಾಣುವುದಿಲ್ಲ. ಹಳೇ ಕಟ್ಟಡದಲ್ಲಿ ನನ್ನ ಟೇಬಲ್ ವಾರ್ಡಿನ ಬಾಗಿಲಲ್ಲೇ ಇತ್ತು. ಆ ಟೇಬಲ್ ಈಗಲೂ ನೆನಪಾಗುತ್ತದೆ.

ಚಹಾ ಅಂಗಡಿ

ದಢೇಸುಗೂರಿನ ರೈತರೊಬ್ಬರು ಹೊಟ್ಟೆನೋವೆಂದು ಬಂದರು. ಸಲೈನ್ ಹಚ್ಚಿ ಅಬ್ಸರ್ವೇಷನ್‌ನಲ್ಲಿ ಇಟ್ಟರು. ಮಧ್ಯಾಹ್ನ ಡಾಕ್ಟರ ಹಿಂದೆ ಹೋಗಿ ನೋಡಿದರೆ ಹಾಸಿಗೆ ಖಾಲಿ. ಎದುರಿನ ಚಹಾ ಅಂಗಡಿಯಲ್ಲಿ ಸಿಕ್ಕರು. ಅಳಿಯ ಸಲೈನ್ ಬಾಟಲಿ ಎತ್ತಿ ಹಿಡಿದು ನಿಂತಿದ್ದಾನೆ, ಮಾವ ಮಿರ್ಚಿ ಭಜಿ ತಿನ್ನುತ್ತಿದ್ದಾರೆ.

“ಏನ್ರೀ ಇದು?” ಡಾಕ್ಟರು ಕೂಗಿದರು.

“ಅಡ್ಮಿಟ್ ಆದ ಮ್ಯಾಲೆ ಹೊರಗ ಬಿಡಂಗಿಲ್ಲ ಅಂದಾರ್ರೀ ನರ್ಸ್‌ಬಾಯಾರು. ಇನ್ನೂ ಆಗಿಲ್ಲಲ್ಲ, ಅದಕ ಬಂದೀವಿ” ಎಂದರು ಮಾವ.

ಡಾಕ್ಟರು ನಿಂತಲ್ಲೇ ಅಡ್ಮಿಟ್ ಮಾಡಿದರು. ಕಾರಣ ಏನು ಬರೆಯುತ್ತೀರಿ ಸರ್ ಎಂದೆ.

“ಪ್ಲೇಟಿನಾಗ ಇನ್ನೂ ಎರಡು ಕಾರಣ ಉಳದಾವ ನೋಡು.”

ಅಮಾವಾಸ್ಯೆ

ಲಿಂಗಸುಗೂರಿನ ಅಂಗಡಿಕಾರರೊಬ್ಬರು ಪೂರ್ತಿ ಗುಣವಾದರು. ಡಿಸ್ಚಾರ್ಜ್ ಎಂದದ್ದೇ ತಡ, ಮನೆಯವರೆಲ್ಲ ಹೌಹಾರಿದರು. “ಅಮಾಸಿ ದಿನ ಪೇಷಂಟ್‌ನ ಮನಿಗೆ ಒಯ್ತಾರೇನ್ರೀ?”

ಒಂದು ದಿನ ಹೆಚ್ಚಾಯಿತು. ಅದಕ್ಕೂ ಕಾರಣ ಬರೆಯಬೇಕು; ಸುಳ್ಳು ಬರೆಯದ ನಮ್ಮ ಡಾಕ್ಟರು ಆ ಜಾಗದಲ್ಲಿ ಅಮಾವಾಸ್ಯೆ ಎಂದೇ ಬರೆದರು. ವಿಮೆ ಕಚೇರಿಯ ಹುಡುಗಿ ನನಗೆ ಫೋನ್ ಮಾಡಿದಳು.

“ಸರ್, ಅಮಾವಾಸ್ಯೆ ಅಂದ್ರೆ ನಂಗೂ ಗೊತ್ತು. ಆದ್ರೆ ಎಲ್ಲಾ ಪ್ರಶ್ನೆ ಕೇಳಲೇಬೇಕು ಅಂತ ರೂಲ್ಸ್ ಇದೆ. ಪಾಲಿಸಿ ಮಾಡಿಸೋಕೆ ಮುಂಚೆನೂ ಇದು ಇತ್ತಾ?”

“ಇತ್ತವ್ವಾ. ನಮ್ಮ ಮುತ್ತಜ್ಜನ ಕಾಲಕ್ಕೂ ಇತ್ತು.”

ಮಸ್ಕಿಯ ಅವ್ವ

ಮಸ್ಕಿಯ ಮುದುಕಿಯೊಬ್ಬರು ಸುಸ್ತೆಂದು ಬಂದು ಮಲಗಿದ್ದರು. ನನ್ನನ್ನು ಹತ್ತಿರ ಕರೆದರು.

“ತಮ್ಮಾ, ನನ್ನ ಅಡ್ಮಿಟ್ ಅಂತ ಬರಿಯಪ್ಪಾ.”

“ಅದನ್ನ ಡಾಕ್ಟರ್ ಬರೀಬೇಕವ್ವಾ. ಯಾಕ, ಮನಿ ಬ್ಯಾಸರಾತೇನು?”

“ಲಿಂಗಸುಗೂರಾಗ ನನ್ನ ತಂಗಿ ಅದಾಳ. ಮಗನ ಲಗ್ನಕ್ಕ ನಾ ಕುಂಕುಮ ಹಚ್ಚಿ ಕರೀಲಿಲ್ಲ ಅಂತ ಅವತ್ತಿಂದ ಮಾತು ಬಿಟ್ಟಾಳ. ಸುಮ್ನ ಬಾಟ್ಲಿ ಹಚ್ಯಾರ ಅಂದ್ರ ಬರಂಗಿಲ್ಲ. ಅಡ್ಮಿಟ್ ಆಗ್ಯಾಳ ಅಂದ್ರ ಮಂದಿಗೆ ಅಂಜಿಯಾದ್ರೂ ಬರ್ತಾಳ.”

ನನಗೂ ಬರೆಸಿಕೊಡಬೇಕೆನಿಸಿತು. ಆದರೆ ಸುಳ್ಳು ಬರೆಯುವಂತಿರಲಿಲ್ಲ. ಸಂಜೆ ಜ್ವರವೇ ಏರಿ ಅಡ್ಮಿಟ್ ಮಾಡಬೇಕಾಯಿತು. ಜ್ವರ ಏರಿದ್ದಕ್ಕೆ ಹಿಗ್ಗಿದ ರೋಗಿಯನ್ನು ನಾನು ಕಂಡಿದ್ದು ಅದೊಂದೇ ಸಲ. ಕೂಡಲೇ ಮಗನಿಂದ ಲಿಂಗಸುಗೂರಿಗೆ ಫೋನ್ ಮಾಡಿಸಿದರು.

ಮರುದಿನ ಉರಿಬಿಸಿಲಲ್ಲಿ ತಂಗಿ ರೊಟ್ಟಿಗಂಟು ಹೊತ್ತು ಬಂದರು. ಬಾಗಿಲಿಂದಲೇ ಬೈಗುಳ ಶುರು. “ಸಾಯೂದಾದ್ರೂ ಹೇಳಿ ಸಾಯ್ತಿದ್ದಿಯೋ ಇಲ್ಲೋ?” ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು. ನಾನು ಫೈಲು ಹುಡುಕುವ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಸ್ವಲ್ಪ ಹೊತ್ತಿಗೆ ಹೊಸ ನರ್ಸ್ ಗಾಬರಿಯಿಂದ ಓಡಿ ಬಂದಳು. “ಸರ್, ಅವ್ವಂಗ ಬಿಪಿ ಭಾಳ ಏರೈತಿ!” ಡಾಕ್ಟರು, ನಾನು ಇಬ್ಬರೂ ಓಡಿದೆವು. ಹಾಸಿಗೆ ಮೇಲೆ ತಂಗಿ ಮಲಗಿದ್ದಾರೆ. ಅಕ್ಕ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕುತ್ತಿದ್ದಾರೆ. “ಬಿಸಿಲಾಗ ಬಂದಾಳ್ರೀ, ನಾನ ಮಲಗು ಅಂದೆ.” ಹಾಸಿಗೆ ಮೇಲೆ ಯಾರಿದ್ದರೋ ಅವರ ಬಿಪಿಯನ್ನು ನರ್ಸ್ ನೋಡಿದ್ದಳು.

ಡಾಕ್ಟರು ಮತ್ತೊಮ್ಮೆ ನೋಡಿದರು. ಬಿಪಿ ನಿಜವಾಗಿಯೂ ಏರಿತ್ತು. “ಇವ್ರನ್ನೂ ನಾಲ್ಕು ತಾಸು ಅಬ್ಸರ್ವೇಷನ್‌ನಾಗ ಇಡೋಣ” ಎಂದರು.

ಅಕ್ಕ ದಡಕ್ಕನೆ ಎದ್ದು ನಿಂತರು.

“ಅಬ್ಸರ್ವೇಷನ್ ಬ್ಯಾಡ್ರೀ ಸಾಹೇಬ್ರ, ಆಕಿದೂ ಅಡ್ಮಿಟ್ ಅಂತನ ಬರೀರಿ! ಇಲ್ಲಾಂದ್ರ ಸಂಜಿ ಬಸ್ಸಿಗೆ ಎದ್ದು ಹೋಗಿಬಿಡ್ತಾಳ.”