ಗುಂಡು ಕಾಣುವಷ್ಟು ದೊಡ್ಡ ಟೀವಿ

ದೇವೇಂದ್ರಪ್ಪ: ಹದಿನಾರು! ಬರೋಬ್ಬರಿ ಹದಿನಾರ ಇಂಚು! ಇಪ್ಪತ್ತಿಂಚು ಅಂತ ಹೇಳಿ ಹದಿನಾರ ಇಂಚಿಂದು ಕಟ್ಟಾಕ ಹೊಂಟೀಯಲ್ಲೊ ಮುರ್ತುಜಾ, ಉಳದ ನಾಲ್ಕ ಇಂಚು ಯಾರ ಹೊಟ್ಟಿಗೆ ಹಾಕಿದಿ?

ಮುರ್ತುಜಾ: ಸಾವ್ಕಾರ್ರ, ಟೀವಿ ಅಳತಿ ಅಡ್ಡ ಹಿಡಿಯಂಗಿಲ್ರಿ. ಈ ಮ್ಯಾಲಿನ ಮೂಲಿಯಿಂದ ಆ ಕೆಳಗಿನ ಮೂಲಿಗೆ ಟೇಪು ಹಿಡೀಬೇಕು. ಆವಾಗ ಇಪ್ಪತ್ತು ಆಗ್ತೈತಿ.

ದೇವೇಂದ್ರಪ್ಪ: ಮೂಲಿಗ್ಯಾಕ? ನಾನೇನ ಮೂಲಿಯಾಗ ಕುಂತು ನೋಡಾವೇನು? ನಾಳೆ ನಾ ಹೊಲಾ ಮಾರುವಾಗ ಈ ಮೂಲಿಯಿಂದ ಆ ಮೂಲಿಗೆ ಹಗ್ಗ ಹಿಡದು, ‘ನೋಡಪಾ, ನನ್ನ ಹೊಲ ಇಷ್ಟ ಅಗಲ’ ಅಂದ್ರ ತಗೊಳ್ಳಾವ ಸುಮ್ಕ ಬಿಡ್ತಾನೇನು?

ನೀಲಗಂಗವ್ವ: ಯಾಕ ಬಿಡ್ತಾನ? ಅದ ಹಗ್ಗದಿಂದ ನಿಮ್ಮನ್ನ ಬದುವಿನ ಬೇವಿನ ಗಿಡಕ್ಕ ಕಟ್ಟಿ ಹೋಗ್ತಾನು.

ಗದಗಿನ ಪೇಟೆಯಲ್ಲಿ ಮುರ್ತುಜಾನ ರೇಡಿಯೋ-ಟೀವಿ ಅಂಗಡಿ. ಇಸವಿ ಎಂಬತ್ತಾರು. ಮುಂಜಾನೆಯ ಬಸ್ಸಿಗೆ ಲಕ್ಷ್ಮೇಶ್ವರದಿಂದ ಬಂದಿಳಿದ ಗಂಡ ಹೆಂಡತಿ, ಊಟದ ಹೊತ್ತಾದರೂ ಒಂದು ಟೀವಿ ಆರಿಸಿರಲಿಲ್ಲ. ದೇವೇಂದ್ರಪ್ಪ ಲಕ್ಷ್ಮೇಶ್ವರದಲ್ಲಿ ಜೋಳದ ದಲ್ಲಾಳಿ. ಒಂದು ಹಿಡಿ ಜೋಳ ಅಂಗೈಯಲ್ಲಿ ಹರವಿ, ಒಮ್ಮೆ ಕಣ್ಣು ಹಾಯಿಸಿ, ಇದು ಇಂಥ ಊರಿನ ಕರಿನೆಲದ್ದು ಎಂದು ಹೇಳಿಬಿಡುವ ಮನುಷ್ಯ ಎಂದು ಪೇಟೆಯೆಲ್ಲ ಹೊಗಳುತ್ತಿತ್ತು. ಅಂಥವನಿಗೆ ಹೋದ ತಿಂಗಳು ಶಿರಹಟ್ಟಿಯಲ್ಲಿ ಮರ್ಯಾದೆ ಹೋಗಿತ್ತು.

ಮಗಳನ್ನು ಕೊಟ್ಟ ಬೀಗ ಹುಚ್ಚೀರಪ್ಪನ ಮನೆಗೆ ಮುಂಬಯಿಯಿಂದ ಟೀವಿ ಗೇಮು ಬಂದಿತ್ತು. ಪರದೆಯ ಎರಡು ತುದಿಗೆ ಎರಡು ಬಿಳಿ ಕೋಲು, ನಡುವೆ ಓಡಾಡುವ ಒಂದು ಬಿಳಿ ಗುಂಡು. ಕೈಯಲ್ಲಿನ ಗುಂಡಿ ತಿರುವಿ ಕೋಲನ್ನು ಮೇಲೆ ಕೆಳಗೆ ಸರಿಸಿ ಗುಂಡನ್ನು ತಡೆಯಬೇಕು. ತಪ್ಪಿದರೆ ಎದುರಿನವನಿಗೆ ಒಂದು ಪಾಯಿಂಟು. ದೇವೇಂದ್ರಪ್ಪ ಹದಿನೈದಕ್ಕೆ ಸೊನ್ನೆಯಲ್ಲಿ ಸೋತ. ಮಗಳ ಅತ್ತೆಮನೆಯ ಹೆಂಗಸರೆಲ್ಲ ಸೆರಗು ಬಾಯಿಗೊತ್ತಿಕೊಂಡು ನಕ್ಕರು. “ಬೀಗರ ಟೀವಿ ಸಣ್ಣದು, ಅದಕ್ಕ ಗುಂಡು ಕಾಣಲಿಲ್ಲ” ಎಂದು ಹೇಳಿ ಬಂದವನು, ಹಟಕ್ಕೆ ಬಿದ್ದು ತಾನೂ ಒಂದು ಗೇಮು ತರಿಸಿದ. ಈಗ ಅದು ನೀಲಗಂಗವ್ವನ ಕೈಚೀಲದಲ್ಲಿತ್ತು. ಬೀಗನಿಗೆ ಬರುವ ತಿಂಗಳು ಮನೆಗೆ ಬರುವಂತೆ ಹೇಳಿಯೂ ಕಳಿಸಿದ್ದ. ಇನ್ನು ಬೇಕಾದದ್ದು ದೊಡ್ಡ ಟೀವಿ ಮಾತ್ರ.

ನೀಲಗಂಗವ್ವ: ಹದಿನಾಲ್ಕಿಂಚಿಂದು ಸಾಕು. ಪಡಸಾಲಿ ಗ್ವಾಡಿಯೊಳಗಿನ ಮಾಡದಾಗ ಹಿಡಸ್ತೈತಿ.

ದೇವೇಂದ್ರಪ್ಪ: ಮಾಡದಾಗ ಹಿಡಿಸೂದು ಪಣತಿ, ಟೀವಿ ಅಲ್ಲ. ಮುರ್ತುಜಾ, ನೀ ಹೇಳು. ದೊಡ್ಡದರಾಗ ಸ್ವಚ್ಛ ಕಾಣ್ತೈತಿ, ಹೌದಿಲ್ಲೊ?

ಮುರ್ತುಜಾ: ಖರೆ ಹೇಳ್ಲೇನ್ರಿ? ಎರಡರಾಗೂ ಗೆರಿ ಅಷ್ಟ ಇರ್ತಾವು. ಆರನೂರಾ ಇಪ್ಪತ್ತೈದು.

ದೇವೇಂದ್ರಪ್ಪ: ಯಾವ ಗೆರಿ? ನನಗ ಒಂದೂ ಕಾಣವಲ್ದು.

ಮುರ್ತುಜಾ: ಕಾಣಬಾರದು ಅಂತನ ಮಾಡ್ಯಾರ್ರಿ. ಚಿತ್ರ ಅನ್ನೂದು ಅಡ್ಡಡ್ಡ ಗೆರಿ ಕೂಡಿ ಆಗಿರ್ತೈತಿ. ಸಣ್ಣ ಪರದಿ ಆದ್ರ ಗೆರಿ ಒತ್ತೊತ್ತಿ ಕುಂಡ್ರತಾವು. ದೊಡ್ಡದಾದ್ರ ಬಿಡಿಬಿಡಿ ಆಗ್ತಾವು. ದೂರ ಕುಂತು ನೋಡಿದ್ರ ಛಲೋ, ಹತ್ರ ಕುಂತ್ರ ಕಣ್ಣಿಗೆ ಚುಚ್ಚತೈತಿ.

ದೇವೇಂದ್ರಪ್ಪ: ಹಂಗಾರ ದೊಡ್ಡದಕ್ಕ ಒಂದ ನೂರ ಗೆರಿ ಹೆಚ್ಚಿಗಿ ಹಾಕಿ ಕೊಡು. ಹಳೇ ಗಿರಾಕಿ ಅದೀನಿ.

ಮುರ್ತುಜಾ: ಗೆರಿ ನಾ ಹಾಕಾವಲ್ರಿ ಸಾವ್ಕಾರ್ರ! ಎಲ್ಲಾ ಟೀವಿಗೂ ಸರಕಾರ ಅಷ್ಟ ಗೊತ್ತು ಮಾಡೈತಿ.

ದೇವೇಂದ್ರಪ್ಪ: ಸರಕಾರದ್ದು ಎಲ್ಲಾದರಾಗೂ ಇದ ಹಣೇಬಾರ. ಎರಡೆಕರೆದಾವಗೂ ಒಂದ ಚೀಲ ಗೊಬ್ಬರ, ಇಪ್ಪತ್ತೆಕರೆದಾವಗೂ ಒಂದ ಚೀಲ ಗೊಬ್ಬರ.

ನೀಲಗಂಗವ್ವನ ತವರು ಬೆಟಗೇರಿ. ಅಪ್ಪನದು ಸೀರೆಯ ವ್ಯಾಪಾರ. ಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದವಳು. ಅವಳು ಎರಡೂ ಟೀವಿಗಳನ್ನು ಒಮ್ಮೆ ದಿಟ್ಟಿಸಿ ನೋಡಿದಳು.

ನೀಲಗಂಗವ್ವ: ನನಗ ತಿಳೀತು. ಎಳಿ ಅಷ್ಟ ಇಟ್ಟು ಸೀರಿ ಪನ್ನಾ ಅಗಲ ಮಾಡಿದಂಗ. ಸೀರಿ ದೊಡ್ಡದಾಗ್ತೈತಿ ಖರೆ, ಆದ್ರ ಜಾಳ ಬೀಳತೈತಿ. ಉಟಗೊಂಡ್ರ ಒಳಗಿನ ಮೈ ಕಾಣ್ತೈತಿ.

ದೇವೇಂದ್ರಪ್ಪ: ಟೀವಿ ಯಾರರೆ ಉಟಗೊಂತಾರೇನ?

ನೀಲಗಂಗವ್ವ: ನೀವು ಹೊಂಟೀರಲ್ಲ ಉಟಗೊಳ್ಳಾಕ! ಬೀಗರ ಮುಂದ ಬೆತ್ತಲಾಗಿ ಬಂದೀರಿ. ಈಗ ಅದನ್ನ ಮುಚ್ಚಿಗೊಳ್ಳಾಕ ಇಪ್ಪತ್ತಿಂಚು ಬೇಕು.

ಮುರ್ತುಜಾ ಕೆಮ್ಮು ಬಂದವನಂತೆ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಕುಣಿಯುತ್ತಿದ್ದುದು ಮಾತ್ರ ದೇವೇಂದ್ರಪ್ಪನಿಗೆ ಸ್ಪಷ್ಟವಾಗಿ ಕಂಡಿತು.

ದೇವೇಂದ್ರಪ್ಪ: ಏ ಮುರ್ತುಜಾ, ಆಮ್ಯಾಲ ಕೆಮ್ಮೀಯಂತ. ಇಪ್ಪತ್ತಿಂಚಿಂದಕ್ಕ ಎಷ್ಟ ದೂರ ಕುಂಡ್ರಬೇಕು?

ಮುರ್ತುಜಾ: ಎಂಟತ್ತ ಫೂಟು ಇದ್ರ ಛಲೋರಿ.

ನೀಲಗಂಗವ್ವ: ನಮ್ಮ ಪಡಸಾಲಿನ ಎಂಟ ಫೂಟಿಂದು. ಹತ್ತ ಫೂಟಿಗೆ ಕುಂಡ್ರಬೇಕಂದ್ರ ಹೊರಗ ರಸ್ತೇದಾಗ ಕುರ್ಚಿ ಹಾಕಬೇಕು. ಶಿರಹಟ್ಟಿ ಬಸ್ಸಿನವ ಹಾರ್ನ ಹೊಡದ್ರ, ‘ತಡೀಪಾ, ಒಂದ ಗುಂಡು ಬರಾಕತ್ತೈತಿ’ ಅಂತ ಕೈ ಮಾಡ್ರಿ.

ದೇವೇಂದ್ರಪ್ಪ: ಕಿಡಕಿ ತಗದಿಟ್ರ ಆತು.

ಮುರ್ತುಜಾ: ಅದೂ ಆಗಂಗಿಲ್ರಿ. ಗೇಮಿನ ವಾಯರ್ ಐದ ಫೂಟಿಂದು. ಅದಕಿಂತ ಹಿಂದ ಹೋದ್ರ ಟೀವಿ ಪೆಟಗಿನ ನಿಮ್ಮ ಹಿಂದ ಬರ್ತೈತಿ.

ನೀಲಗಂಗವ್ವ: ಬರವಲ್ದ್ಯಾಕ. ಮನ್ಯಾಗ ಇವರ ಹಿಂದ ಬರಾವ್ರು ಅಂತ ಒಬ್ಬರರೆ ಆಗ್ತಾರು.

ದೇವೇಂದ್ರಪ್ಪನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಯ ವಾದ ಸಾಕು, ಆಡಿಯೇ ತೋರಿಸುತ್ತೇನೆ ಎಂದು ಹಟ ಹಿಡಿದ. ಮುರ್ತುಜಾ ಚೀಲದೊಳಗಿನ ಗೇಮು ತೆಗೆದು ಇಪ್ಪತ್ತಿಂಚಿನ ಟೀವಿಗೆ ಜೋಡಿಸಿದ. ಒಂದು ಗುಂಡಿ ದೇವೇಂದ್ರಪ್ಪನ ಕೈಗೆ ಬಂತು. ಇನ್ನೊಂದನ್ನು ನೀಲಗಂಗವ್ವ ಸೆರಗು ಸಿಗಿಸಿಕೊಂಡು ತಾನೇ ತೆಗೆದುಕೊಂಡಳು.

ದೇವೇಂದ್ರಪ್ಪ: ನಿನಗ ಆಡಾಕ ಬರ್ತೈತೇನ?

ನೀಲಗಂಗವ್ವ: ಶಿರಹಟ್ಟ್ಯಾಗ ನೀವು ಸೋತು ಮುಸುಕ ಹಾಕ್ಕೊಂಡು ಮಲಗಿದಾಗ ಬೀಗತಿ ಕಲಿಸಿದ್ರು.

ಆಟ ಶುರುವಾಯಿತು. ಗುಂಡು ಟಕ್ ಎಂದು ಅತ್ತ ಹೋಯಿತು, ಟಕ್ ಎಂದು ಇತ್ತ ಬಂತು. ದೇವೇಂದ್ರಪ್ಪನ ಕೋಲು ಮೇಲಿದ್ದಾಗ ಗುಂಡು ಕೆಳಗೆ, ಕೋಲು ಕೆಳಗಿಳಿದಾಗ ಗುಂಡು ಮೇಲೆ.

ದೇವೇಂದ್ರಪ್ಪ: ಬಾಗಲಾ ಮುಚ್ಚೋ! ಬೆಳಕ ಕಣ್ಣಾಗ ಹೊಡ್ಯಾಕತ್ತೈತಿ.

ಮುರ್ತುಜಾ ಬಾಗಿಲು ಮುಚ್ಚಿದ. ಮತ್ತೆ ಮೂರು ಗುಂಡು ಹೋದವು.

ದೇವೇಂದ್ರಪ್ಪ: ಕತ್ತಲಿ ಆತು, ತಗಿ ಬಾಗಲಾ! ಕರೆಂಟೂ ಕಮ್ಮಿ ಬರಾಕತ್ತಿರಬೇಕು, ನೋಡು.

ಮುರ್ತುಜಾ: ಕರೆಂಟು ಬರೋಬ್ಬರಿ ಐತ್ರಿ.

ದೇವೇಂದ್ರಪ್ಪ: ಹಂಗಾರ ಟೀವಿಯಾಗ ದೋಷ ಐತಿ. ಗುಂಡು ಎರಡೆರಡು ಬರಾಕತ್ತಾವು.

ಮುರ್ತುಜಾ: ಒಂದ ಐತ್ರಿ ಸಾವ್ಕಾರ್ರ.

ದೇವೇಂದ್ರಪ್ಪ: ಎರಡ ಅದಾವು! ಒಂದು ಖರೇದು, ಒಂದು ಖೊಟ್ಟಿ. ನಾ ಯಾವುದನ್ನ ಹಿಡೀತೀನಿ ಅದ ಖೊಟ್ಟಿ ಆಗ್ತೈತಿ!

ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಇನ್ನಷ್ಟು ಎಳೆದುಕೊಂಡ. ಈಗ ಅವನ ಮೂಗಿಗೂ ಪರದೆಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಮುಖದ ಮೇಲೆಲ್ಲ ಬಿಳಿ ಬೆಳಕು. ಹಲ್ಲು ಕಚ್ಚಿ ಗುಂಡಿ ತಿರುವತೊಡಗಿದ.

ದೇವೇಂದ್ರಪ್ಪ: ಬಂತು... ಬಂತು... ಹಿಡದೆ! ನೋಡಿದೇನ? ಮತ್ತ ಬಂತು... ಹೊಡದೆ! ಈಗ ಹತ್ತಿತು ನೋಡು ಕೈ! ಈಗ ಹೇಳಲೇ ಮುರ್ತುಜಾ, ದೊಡ್ಡ ಟೀವಿ ದೊಡ್ಡ ಟೀವಿನ!

ಮುರ್ತುಜಾ ನೀಲಗಂಗವ್ವನ ಮುಖ ನೋಡಿದ.

ದೇವೇಂದ್ರಪ್ಪ: ಯಾಕ, ಇಬ್ಬರ ಬಾಯೀನೂ ಕಟ್ಟಿತೇನ?

ನೀಲಗಂಗವ್ವ: ರೀ, ಆಟ ಆಗಲೇ ಮುಗದೈತ್ರಿ. ಪರದಿ ಮ್ಯಾಲ ಗುಂಡ ಇಲ್ಲ. ನಾ ಗುಂಡಿ ಕೆಳಗಿಟ್ಟು ಕುಂತೀನಿ.

ದೇವೇಂದ್ರಪ್ಪ ತಿರುಗಿ ನೋಡಿದ. ಹೆಂಡತಿಯ ಎರಡೂ ಕೈ ಮಡಿಲಲ್ಲಿದ್ದವು. ಮುರ್ತುಜಾ ಈ ಸಲ ಕೆಮ್ಮಲಿಲ್ಲ. ಅದೇ ಹೆಚ್ಚು ನೋಯಿಸಿತು.

ದೇವೇಂದ್ರಪ್ಪ: ಮತ್ತ ನಾ ಹಿಡದದ್ದು ಏನು?

ನೀಲಗಂಗವ್ವ: ಮೊನ್ನೆ ಡೋಣಿ ಊರಿಂದ ಬಂದ ಜೋಳದಾಗ ಏನ ಹಿಡದ್ರಿ, ಅದನ್ನ ಹಿಡದ್ರಿ. ‘ಮುತ್ತಿನಂಥ ಮಾಲು’ ಅಂತ ಇಡೀ ಪೇಟಿ ಮುಂದ ಕೂಗಿದ್ರಿ. ಬೀರವ್ವ ಮೊರದಾಗ ಹಾಕಿ ಹಸನ ಮಾಡಾಕ ಕುಂತ್ರ, ಜೋಳ ತಾವ ನಡಕೋತ ಹೊಂಟಿದ್ದುವಂತ. ಅಷ್ಟ ನುಸಿ!

ದೇವೇಂದ್ರಪ್ಪ: ಆಕಿ ಕೂಲಿ ಹೆಂಗಸು, ಏನರೆ ಅಂತಾಳು.

ನೀಲಗಂಗವ್ವ: ಆಕಿ ಮನಿಗೆ ಬಂದು ನನ್ನ ಮುಂದ ಅಂದ್ಲು. ಪೇಟಿ ಮಂದಿ ನಿಮ್ಮ ಬೆನ್ನ ಹಿಂದ ಅನ್ನಾಕತ್ತಾರು. ಕಣ್ಣ ತೋರಸೂಣು ಬರ್ರಿ ಅಂತ ವರ್ಷದಿಂದ ಬಾಯಿ ಬಡಕೊಂಡೆ. ಕಣ್ಣಿಗೆ ಅಂದಿದ್ರ ನೀವು ಗದಗಿನ ಬಸ್ ಹತ್ತತಿದ್ರೇನ? ಅದಕ್ಕ ಟೀವಿ ಅಂದಕೂಡ್ಲೆ ಹೂಂ ಅಂದು ಬಂದೆ. ಈ ಹಿಂದಿನ ಓಣ್ಯಾಗ ಕಣ್ಣಿನ ಡಾಕ್ಟರ ಅದಾರ. ತವರಿನವರ ಕಡಿಂದ ಕೇಳಿಸೀನಿ, ನಾಲ್ಕ ಗಂಟೆಕ್ಕ ಬರ್ರಿ ಅಂದಾರ.

ದೇವೇಂದ್ರಪ್ಪ ಕೈಯಲ್ಲಿನ ಗುಂಡಿ ಕೆಳಗಿಟ್ಟ. ಕಣ್ಣಿನ ಸಂಗತಿ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಎಷ್ಟೋ ದಿನಗಳಿಂದ ಜೋಳವನ್ನು ನೋಡುವಂತೆ ನಟಿಸಿ, ಹೆಬ್ಬೆರಳಿನಿಂದ ಉಜ್ಜಿ, ಹಲ್ಲಿನಿಂದ ಕಡಿದು, ಉಳಿದದ್ದನ್ನು ಅಂದಾಜಿನ ಮೇಲೆ ಹೇಳುತ್ತಿದ್ದ. ಅವನ ಅಪ್ಪ ಸಾಯುವ ತನಕ ಬರಿಗಣ್ಣಿನಿಂದಲೇ ಜೋಳ ನೋಡಿದವನು. ತಾನು ಕನ್ನಡಕ ಏರಿಸಿದ ದಿನ, ದೇವೇಂದ್ರಪ್ಪನ ಕಣ್ಣು ಹೋಯಿತು ಎಂದು ಪೇಟೆಯಲ್ಲಿ ಡಂಗುರವಾಗುತ್ತದೆ ಎಂಬ ಭಯ ಅವನಿಗೆ. ಡಂಗುರ ಆಗಲೇ ಆಗಿದೆಯೆಂದು ಇವತ್ತು ತಿಳಿಯಿತು.

ನಾಲ್ಕು ಗಂಟೆಗೆ ಡಾಕ್ಟರರು ಅವನನ್ನು ಕುರ್ಚಿಯ ಮೇಲೆ ಕೂಡಿಸಿ, ಎದುರಿನ ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಹಲಗೆ ತೋರಿಸಿದರು.

ಡಾಕ್ಟರ್: ಮ್ಯಾಲಿಂದ ಶುರು ಮಾಡ್ರಿ. ಏನ ಬರದದ?

ದೇವೇಂದ್ರಪ್ಪ: ಡಾಕ್ಟರ ಸಾಹೇಬರ, ಈ ಬೋರ್ಡು ಎಷ್ಟ ಇಂಚಿಂದ್ರಿ?

ಡಾಕ್ಟರ್: ಯಾಕ್ರಿ?

ದೇವೇಂದ್ರಪ್ಪ: ಇದರಕಿಂತ ದೊಡ್ಡದು ಬರಂಗಿಲ್ಲೇನು?

ನೀಲಗಂಗವ್ವ: ಬರ್ತೈತಿ. ಆದ್ರ ಅದನ್ನ ಓದಾಕ ಲಕ್ಷ್ಮೇಶ್ವರದಾಗ ಕುಂಡ್ರಬೇಕು.

ಕನ್ನಡಕ ವಾರದೊಳಗೆ ಬಂತು. ಹದಿನಾಲ್ಕಿಂಚಿನ ಟೀವಿ ಅದಕ್ಕೂ ಮೊದಲೇ ಬಂದು ಮಾಡದಲ್ಲಿ ಕೂತಿತ್ತು. ಕನ್ನಡಕ ಹಾಕಿಕೊಂಡು ತನ್ನ ದಲಾಲಿ ಅಂಗಡಿಗೆ ಹೋದ ಮೊದಲ ದಿನ ದೇವೇಂದ್ರಪ್ಪ ಒಂದು ಹಿಡಿ ಜೋಳ ಎತ್ತಿದವನೇ ಹೌಹಾರಿದ.

ದೇವೇಂದ್ರಪ್ಪ: ಬೀರವ್ವಾ! ಇವು ಯಾವಾಗಿಂದ ಅದಾವು?

ಬೀರವ್ವ: ಇದ್ದುವು ಸಾವ್ಕಾರ್ರ, ಮೊದಲಿಂದ. ನಿಮ್ಮ ಭೆಟ್ಟಿ ಆಗಿದ್ದಿಲ್ಲ ಅಷ್ಟ.

ಪೇಟೆಯ ಮಂದಿ ಎರಡು ದಿನ ನಕ್ಕರು. ಮೂರನೆಯ ದಿನ, ಯಾರೂ ಗುರುತಿಸದ ಒಂದು ಬೆರಕೆ ಚೀಲವನ್ನು ದೇವೇಂದ್ರಪ್ಪ ದೂರದಿಂದಲೇ ಹಿಡಿದಾಗ ನಗುವವರು ಕಡಿಮೆಯಾದರು. ಅವನಿಗೆ ಹುರುಪು ಬಂತು. ಮನೆಯಲ್ಲಿ ದಿನಾಲೂ ಊಟವಾದ ಮೇಲೆ ಆಟದ ರೂಢಿ ಶುರುವಾಯಿತು. ಗುಂಡು ಈಗ ಒಂದೇ ಇತ್ತು. ಅದರ ನಾಲ್ಕು ಅಂಚೂ ಕೊಯ್ದಿಟ್ಟ ಹಾಗೆ ಕಾಣುತ್ತಿದ್ದವು. ಇದು ಗುಂಡಲ್ಲ, ಚೌಕ ಎಂದು ಆತ ಹೆಂಡತಿಗೆ ಹೇಳಿದ. ಅದು ತನಗೆ ಶಿರಹಟ್ಟಿಯಲ್ಲೇ ಗೊತ್ತಾಗಿತ್ತು ಎಂದು ಅವಳು ಹೇಳಿದಳು.

ಹೇಳಿದ ದಿನ ಹುಚ್ಚೀರಪ್ಪ ಹೆಂಡತಿ, ಮಗ, ಸೊಸೆ ಸಮೇತ ಬಂದ. ಶೇಂಗಾ ಹೋಳಿಗೆಯ ಊಟವಾಯಿತು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಟೀವಿ ಹಚ್ಚಿದರು. ಓಣಿಯ ಮಂದಿ ಕಿಟಕಿಗೆ ಮುತ್ತಿಕೊಂಡರು.

ಹುಚ್ಚೀರಪ್ಪ: ಏನ್ರಿ ಬೀಗರ, ದೊಡ್ಡ ಟೀವಿ ತರ್ತೀನಿ ಅಂದಿದ್ರಂತ! ಇದು ನಮ್ಮದಷ್ಟ ಐತಲ್ಲ?

ದೇವೇಂದ್ರಪ್ಪ: ದೊಡ್ಡದರಾಗ ಗೆರಿ ಜಾಳ ಬೀಳ್ತಾವ್ರಿ ಬೀಗರ. ತಿಳದವ್ರು ತಗೊಳ್ಳಂಗಿಲ್ಲ.

ನೀಲಗಂಗವ್ವ ತಲೆ ತಗ್ಗಿಸಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಆಟ ನಡೆಯಿತು. ಮೊದಲ ಪಾಯಿಂಟು ದೇವೇಂದ್ರಪ್ಪನದು. ಮಗಳು ಚಪ್ಪಾಳೆ ತಟ್ಟಿ, ಅತ್ತೆಯ ಮುಖ ನೋಡಿ ಕೈ ಇಳಿಸಿದಳು. ಸರಿಸಮ ನಡೆದು ನಡೆದು, ಕೊನೆಗೆ ಹುಚ್ಚೀರಪ್ಪನ ಪಳಗಿದ ಕೈಯೇ ಮೇಲಾಯಿತು. ಹದಿನೈದಕ್ಕೆ ಹನ್ನೊಂದರಲ್ಲಿ ದೇವೇಂದ್ರಪ್ಪ ಸೋತ.

ಹುಚ್ಚೀರಪ್ಪ: ಈ ಸಲ ಏನ ಕೊರತಿ ಆತ್ರಿ ಬೀಗರ? ಟೀವಿ ನಿಮ್ಮದು, ಗೇಮು ನಿಮ್ಮದು, ಮನಿ ನಿಮ್ಮದು. ಮ್ಯಾಲ ಕಣ್ಣಿಗೆ ಹೊಸಾ ಚಾಳೀಸು ಬ್ಯಾರೆ! ಇನ್ನೂ ಗುಂಡ ಕಾಣವಲ್ದೇನು?

ಕಿಟಕಿಯಲ್ಲಿನ ಮಂದಿ ಒಳಕ್ಕೆ ಬಗ್ಗಿದರು. ದೇವೇಂದ್ರಪ್ಪ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲೇರಿಸಿಕೊಂಡು ಬೀಗನ ಮುಖವನ್ನು ಚೆನ್ನಾಗಿ ನೋಡಿದ.

ದೇವೇಂದ್ರಪ್ಪ: ಯಾಕ ಕಾಣಂಗಿಲ್ರಿ, ಸ್ವಚ್ಛ ಕಂಡುವು! ನಿಮ್ಮ ಮನ್ಯಾಗ ಕಾಣದ ಸೋತಿದ್ದೆ. ಇಲ್ಲೆ ಹಂಗಲ್ಲ. ಬೀಗರನ್ನ ಕಳಿಸಿದಂಗ, ಒಂದೊಂದ ಗುಂಡನ್ನೂ ಬಾಗಲತನಕ ನೋಡಿ, ಹೋಗಿ ಬರ್ರಿ ಅಂತ ಕಳಿಸಿಕೊಟ್ಟೀನಿ.