ಗ್ರೀಕ್ ದೇವರಿಗೆ ವಿಭೂತಿ

ಬೆಳ್ಳಿ ಸಾಮಾನು ತಿಕ್ಕಿ ಬೆಳಗುವುದರಲ್ಲಿ ಇಡೀ ಬ್ಯಾಡಗಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹಬ್ಬ ಬಂದರೆ ನನ್ನ ಹೆಂಡತಿ ಆರತಿ ತಟ್ಟೆಯನ್ನು ನನ್ನ ಕೈಗೇ ಕೊಡುತ್ತಾಳೆ. ಇದು ಸಾಮಾನ್ಯ ಗೌರವವಲ್ಲ!

ರಾಣೇಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಗೆಳೆಯ ಖಾದರ್ ಸಾಹೇಬರಿಗೆ ಹಳೆಯ ನಾಣ್ಯಗಳ ಹುಚ್ಚು. ಅವರ ಬಳಿ ಪ್ರಾಚೀನ ಗ್ರೀಸಿನ ಅಕೀಯನ್ ಒಕ್ಕೂಟದ ಒಂದು ಬೆಳ್ಳಿ ನಾಣ್ಯವಿತ್ತು. ಹೆಬ್ಬೆರಳ ಉಗುರಿನಷ್ಟಗಲ. ಮುಂದೆ ಜೀಯಸ್ ದೇವರ ಮುಖ. ಹಿಂದೆ ಎಲೆಗಳ ಹಾರದೊಳಗೆ ಒಕ್ಕೂಟದ ಗುರುತು, ಮಗ್ಗುಲಲ್ಲೇ ನಾಣ್ಯ ಹೊಡೆದ ಊರಿನ ಪುಟ್ಟ ಚಿಹ್ನೆ. ಕಚ್ಚಾಡುತ್ತಿದ್ದ ಊರುಗಳು ಒಂದೇ ತೂಕ, ಒಂದೇ ದೇವರು ಎಂದು ಒಪ್ಪಿಕೊಂಡವು, ತಮ್ಮ ಗುರುತನ್ನು ಮಾತ್ರ ಬಿಟ್ಟುಕೊಡಲಿಲ್ಲ. ಎಂಥ ಜಾಣರು! ನಾವು ಹಾಗೆ ಹೊಡೆದಿದ್ದರೆ ಹಾವೇರಿಗೆ ಏಲಕ್ಕಿ ಹಾರ, ರಾಣೇಬೆನ್ನೂರಿಗೆ ಕೃಷ್ಣಮೃಗ, ಬ್ಯಾಡಗಿಗೆ ಮೆಣಸಿನಕಾಯಿ. ನಾನಂತೂ ಆ ನಾಣ್ಯಕ್ಕೆ ಮರುಳಾಗಿಬಿಟ್ಟೆ.

ಹಾವೇರಿಯ ಒಂದು ಸಭೆಯಲ್ಲಿ ಅದರ ಬಗ್ಗೆ ಭಾಷಣ ಮಾಡಲು ಶಾಲೆ ಮಾಸ್ತರನಾದ ನನ್ನನ್ನು ಕರೆದಾಗ ಸಾಹೇಬರು ನಾಣ್ಯವನ್ನೇ ಕೈಗಿಟ್ಟರು. "ಜ್ವಾಕಿರಿ ಮಾಸ್ತರ. ನನ್ನ ಜೀವಾನ ಕೊಡಾಕತ್ತೇನಿ."

ಭಾಷಣದ ದಿನ ಬೆಳಿಗ್ಗೆ ನೋಡಿದರೆ ದೇವರ ಮುಖ ಕಪ್ಪಿಟ್ಟಿದೆ! ತಿಕ್ಕಲು ವಿಭೂತಿ ತಂದೆ.

"ಮಂದಿ ಸಾಮಾನು, ಸುಮ್ನ ಬಿಡ್ರಿ" ಎಂದಳು ಹೆಂಡತಿ.

"ನಿನಗೇನು ತಿಳೀತೈತಿ? ಇಂಥಾ ಮುಖ ಹೊತ್ತು ದೇವರು ಸಭಾಕ್ಕ ಬರ್ತಾನೇನು?"

ವಿಭೂತಿಗೆ ಆ ಕಪ್ಪು ಜಗ್ಗಲಿಲ್ಲ. ಹುಣಸೆಹಣ್ಣು ಹಾಕಿದೆ. ಕೊನೆಗೆ ಹಲ್ಲಿನ ಪೇಸ್ಟು, ಹಳೇ ಬ್ರಶ್ಶು! ಜೀಯಸ್ ಮದುಮಗನಂತೆ ಹೊಳೆದ. ಗಡ್ಡ ಕೊಂಚ ಸವೆದಂತಿತ್ತು. ಮದುಮಗನಿಗೆ ಗಡ್ಡವೇಕೆ ಎಂದುಕೊಂಡೆ.

ಹಾವೇರಿಯಲ್ಲಿ ಮೈಮರೆತು ಮಾತಾಡಿದೆ. ನಾಣ್ಯ ಎಲ್ಲರ ಕೈಗೂ ಹೋಗಿ ಬಂತು. ಮೊದಲ ಪ್ರಶ್ನೆ ಒಬ್ಬ ಅಜ್ಜಿಯದು. "ಭಾಳ ಚಂದ ಐತ್ರಿ. ಯಾವ ಅಂಗಡ್ಯಾಗ ಸಿಗ್ತಾವು? ಮೊಮ್ಮಗಳ ಲಗ್ನಕ್ಕ ಬೇಕಾಗಿತ್ತು."

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ಖಾದರ್ ಸಾಹೇಬರು ಮಾತ್ರ ನಗಲಿಲ್ಲ. ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು.

"ಮಾಸ್ತರ, ಆ ಕಪ್ಪು ಹೊಲಸಲ್ರಿ. ಎರಡು ಸಾವಿರ ವರ್ಷದ ವಯಸ್ಸು. ರೋಮಿನ ದಂಡು ಬಂದು ಒಕ್ಕೂಟಾನ ಮುರೀತು, ನಾಣ್ಯ ಉಳೀತು. ನಿಮ್ಮ ಕೈಯಾಗ ಸಿಕ್ಕು ಉಳೀಲಿಲ್ಲ ನೋಡ್ರಿ!"

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಸಾಹೇಬರದು ದೊಡ್ಡ ಮನಸ್ಸು. ಗೆಳೆತನ ಬಿಡಲಿಲ್ಲ. ಈಗಲೂ ಅಂಗಡಿಗೆ ಹೋದರೆ ಹೊಸದಾಗಿ ಬಂದ ನಾಣ್ಯ ತೋರಿಸುತ್ತಾರೆ. ಆದರೆ ಮೊದಲು ಚಹಾ ತರಿಸುತ್ತಾರೆ. ನನ್ನ ಒಂದು ಕೈಗೆ ಕಪ್, ಇನ್ನೊಂದು ಕೈಗೆ ಬಸಿ ಕೊಡುತ್ತಾರೆ. ಎರಡೂ ಕೈ ತುಂಬಿವೆಯೆಂದು ಖಾತ್ರಿಯಾದ ಮೇಲೆಯೇ ಕಪಾಟು ತೆಗೆಯುತ್ತಾರೆ!