ನನ್ನ ರಕ್ತಕ್ಕೆ ಬಂದ ಹದಿನಾಲ್ಕು

ನಾನು ಪುಕ್ಕಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾವಿಗಾಗಲಿ ಕತ್ತಲೆಗಾಗಲಿ ಅಷ್ಟಾಗಿ ಹೆದರುವುದಿಲ್ಲ. ಹೆದರುವುದು ನನ್ನ ಮೈಗೆ. ಎಡಗೈ ಜೋಮು ಹಿಡಿದರೆ, ಅದರ ಮೇಲೇ ಮಲಗಿದ್ದೆ ಎಂಬುದು ನೆನಪಾಗುವಷ್ಟರಲ್ಲಿ ನನ್ನ ಸಂತಾಪ ಸಭೆಯಲ್ಲಿ ಯಾರು ಯಾರು ಮಾತಾಡುತ್ತಾರೆಂದು ಯೋಚಿಸಿ ಮುಗಿದಿರುತ್ತದೆ. ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಧೈರ್ಯದ ಮೇಲೆ ನಿಬಂಧ ಬರೆಸುತ್ತಿರುವವನೂ ನಾನೇ.

ಇಂಥ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ಸಿದ್ರಾಮಪ್ಪ ಗುರೂಜಿಗೆ ಈ ಬೇಸಿಗೆಯಲ್ಲಿ ಹೃದಯಾಘಾತವಾಯಿತು. ದುಧನಿಯಿಂದ ದಿನಾ ಬಂದುಹೋಗುವ ಕಡ್ಡಿಯಂಥ ಮನುಷ್ಯ. ತಂಬಾಕಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಕೊಲೆಸ್ಟರಾಲ್ ಕೂಡ ಸರಿಯಾಗಿಯೇ ಇತ್ತಂತೆ. ಅವರು ಸ್ಟೆಂಟ್ ಹಾಕಿಸಿಕೊಂಡು ನಗುನಗುತ್ತ ಶಾಲೆಗೆ ಮರಳಿದರು. ನಾನು ಸೊಲ್ಲಾಪುರದ ಬಸ್ಸು ಹತ್ತಿದೆ.

ಅಲ್ಲಿಯ ಡಾಕ್ಟರಮ್ಮ ತಾಳ್ಮೆಯಿಂದ ಕೇಳಿಸಿಕೊಂಡರು. "ಬರೇ ಕೊಲೆಸ್ಟರಾಲ್ ನೋಡಿದ್ರ ಆಗಂಗಿಲ್ರಿ ಗುರೂಜಿ. ರಕ್ತನಾಳದಾಗ ಸಣ್ಣಗ ಉರಿಯೂತ ಇದ್ರ ಅದೂ ಹೃದಯಕ್ಕ ಧೋಕಾನ. ಒಂದ್ ರಕ್ತ ತಪಾಸಣಿ ಮಾಡೂಣು" ಎಂದರು. ಸಿಆರ್‌ಪಿ ಎಂಬ ಆ ಪರೀಕ್ಷೆಯಲ್ಲಿ ಒಂದರೊಳಗೆ ಬಂದರೆ ಒಳ್ಳೆಯದು, ಮೂರು ದಾಟಿದರೆ ಹುಷಾರಾಗಿರಬೇಕು ಎಂದೂ ಹೇಳಿದರು. ಮನೆಗೆ ಬಂದು ಹೆಂಡತಿ ಮಹಾದೇವಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಜೋಳ ಹಸನು ಮಾಡುತ್ತ, "ಉರಿ ಅಂದ್ರ ನಿಮಗ ಜಾಸ್ತಿನ ಬರ್ತದ ಬಿಡ್ರಿ. ನಿಮಗಿಂತ ಸಣ್ಣಾಂವ ಹೆಡ್‌ಮಾಸ್ತರ ಆದಾಗಿಂದ ನೋಡಾಕತ್ತೀನಿ" ಎಂದಳು.

ಫೋನಿಗೆ ವರದಿ ಬಂತು. ಹದಿನಾಲ್ಕು. ನೂರಕ್ಕೆ ಹದಿನಾಲ್ಕು ತೆಗೆದವರನ್ನು ಎಷ್ಟೋ ಸಲ ಬೈದಿದ್ದೇನೆ. ಮೂರಕ್ಕೆ ಹದಿನಾಲ್ಕು ತೆಗೆದವನು ಇಡೀ ಶಾಲೆಯಲ್ಲಿ ನಾನೊಬ್ಬನೇ. ಡಾಕ್ಟರನ್ನು ಕಾಣಲು ಎರಡು ದಿನ ಕಾಯಬೇಕಿತ್ತು. ಆ ಎರಡು ದಿನದಲ್ಲಿ ಭಜಿ ಬಿಟ್ಟೆ, ಚಹಾದಲ್ಲಿ ಸಕ್ಕರೆ ಬಿಟ್ಟೆ, ಮಕ್ಕಳನ್ನು ಗದರುವುದನ್ನೂ ಬಿಟ್ಟೆ. ಭಂಡಾರಕವಠೆಯಲ್ಲಿರುವ ಭಾವಮೈದುನನಿಗೆ ಫೋನು ಮಾಡಿ, ಹನ್ನೊಂದು ವರ್ಷದ ಹಿಂದೆ ಮದುವೆಯೊಂದರಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಅವನು ಮೆಲ್ಲಗೆ ತನ್ನ ಅಕ್ಕನಿಗೆ ಫೋನು ಕೊಡುವಂತೆ ಹೇಳಿದ. ನಾನು ಕುಡಿಯಲು ಶುರುಮಾಡಿದ್ದೇನೆಯೇ ಎಂದು ವಿಚಾರಿಸಿಕೊಂಡನಂತೆ.

ಮಹಾದೇವಿಯನ್ನು ಜೊತೆಗಿಟ್ಟುಕೊಂಡೇ ಡಾಕ್ಟರ ಮುಂದೆ ಕೂತೆ. ಅವರು ವರದಿ ನೋಡಿ ಗಾಬರಿಯಾಗಲಿಲ್ಲ. ಹತ್ತರ ಮೇಲೆ ಹೋದರೆ ಹೃದಯದ ಮಾತು ಎತ್ತುವ ಮೊದಲು ಬೇರೆ ಕಾರಣ ಹುಡುಕಬೇಕು ಎಂದರು. ಜ್ವರವಿತ್ತೇ, ಗಾಯವಾಗಿತ್ತೇ ಎಂದರು, ಇಲ್ಲವೆಂದೆ. ಆಗ ಪಕ್ಕದಿಂದ ಮಹಾದೇವಿ, "ಒಂದ್ ತಿಂಗಳಾತ್ರಿ, ಬರೇ ಬಲಗಡೆ ಹಲ್ಲೀಲೆ ಉಣ್ಣಾಕತ್ತಾರ" ಎಂದಳು. ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿದರೆ ಎಡ ದವಡೆಯಲ್ಲಿ ಕೀವು. ಹಲ್ಲಿನ ಡಾಕ್ಟರಿಗೆ ಹೆದರಿ ನಾನು ಮುಚ್ಚಿಟ್ಟಿದ್ದನ್ನೆಲ್ಲ ರಕ್ತ ಹೇಳಿಬಿಟ್ಟಿತ್ತು.

ಹಲ್ಲು ಕೀಳಿಸಿಕೊಂಡೆ. ಬಾವು ಪೂರ್ತಿ ಇಳಿದ ಮೇಲೆ ಮತ್ತೆ ಪರೀಕ್ಷೆ ಎಂದದ್ದರಿಂದ ಇನ್ನೂ ಮೂರು ವಾರ ನನ್ನ ನಾಡಿ ನಾನೇ ಹಿಡಿದುಕೊಂಡು ಓಡಾಡಿದೆ. ಎರಡನೆಯ ಸಲ ರಕ್ತ ಕೊಡಲು ಹೋದಾಗ, ಪರೀಕ್ಷೆಗೆ ಒಬ್ಬನೇ ಕೂರಲು ಬೇಸರವಾಗಿ, ಇವಳದೂ ಒಂದು ನೋಡಿಬಿಡಿ ಎಂದೆ. ವಯಸ್ಸು ಐವತ್ತು ದಾಟಿದೆ, ನೋಡಿದರೆ ಒಳ್ಳೆಯದೇ ಎಂದರು ಡಾಕ್ಟರು.

ನನ್ನದು ಸೊನ್ನೆ ಪಾಯಿಂಟ್ ಒಂಬತ್ತು ಬಂತು. ದವಾಖಾನೆಯ ಬೆಂಚಿನ ಮೇಲೆ ಕೂತು ಅದನ್ನು ಮೂರು ಸಲ ಓದಿಕೊಂಡು, ಆಮೇಲೆ ಮಹಾದೇವಿಯ ಹಾಳೆ ಬಿಚ್ಚಿದೆ. ಐದು ಪಾಯಿಂಟ್ ಎಂಟು. ಅವಳಿಗೆ ಹಲ್ಲುನೋವಿರಲಿಲ್ಲ, ನೆಗಡಿಯೂ ಇರಲಿಲ್ಲ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ರಕ್ತದೊತ್ತಡ ಬಹಳ ಹೆಚ್ಚಿತ್ತು. ದಮ್ಮು ಬರುತ್ತದೆಯೇ ಎಂದು ಕೇಳಿದರು. ಮೆಟ್ಟಿಲು ಹತ್ತುವಾಗ ಬರುತ್ತದೆ, ವರ್ಷವಾಯಿತು ಎಂದಳು ಅವಳು, ಹಾಲಿನವನು ಬರುವ ಹೊತ್ತು ಹೇಳಿದಷ್ಟು ಸಹಜವಾಗಿ.

ನನ್ನ ಕೈಯಲ್ಲಿದ್ದ ಒಳ್ಳೆಯ ಅಂಕಿಯ ಹಾಳೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ, ಒಂದು ವರ್ಷದಿಂದ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಾಕ ನನ್ನ ಪಾಳಿ ಬರಬೇಕಲ್ರಿ" ಎಂದಳು.

ಇಸಿಜಿ ಆಯಿತು, ಇನ್ನೂ ಒಂದೆರಡು ತಪಾಸಣೆಗಳಾದವು. ಸಮಯಕ್ಕೆ ಗೊತ್ತಾಯಿತು, ಗುಳಿಗೆ ತಪ್ಪಿಸದೆ ನಡಿಗೆ ಇಟ್ಟುಕೊಂಡರೆ ಹತೋಟಿಗೆ ಬರುತ್ತದೆ ಎಂದರು ಡಾಕ್ಟರು. ಈಗ ಬೆಳಿಗ್ಗೆ ಇಬ್ಬರೂ ಮೈಂದರ್ಗಿ ರಸ್ತೆಯಲ್ಲಿ ನಡೆಯುತ್ತೇವೆ. ದಮ್ಮು ಬಂತೇ, ಕೂರುತ್ತೀಯಾ, ಎದೆ ಹೇಗಿದೆ ಎಂದು ಹತ್ತು ಹೆಜ್ಜೆಗೊಮ್ಮೆ ಕೇಳುತ್ತಿರುತ್ತೇನೆ. ಮೊನ್ನೆ ಅವಳು ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಚಿಂತಿ ನೀವ ಮಾಡಿಕೋತ ಇದ್ರಲ್ಲ, ಆವಾಗ ನನಗ ಭಾಳ ಆರಾಮಿತ್ರಿ" ಎಂದಳು.

ಮುಂದಿನ ಹತ್ತು ಹೆಜ್ಜೆ ಬಾಯಿ ಬಿಗಿಹಿಡಿದು ನಡೆದೆ. ಹನ್ನೊಂದನೆಯದಕ್ಕೆ ಕೇಳಿದೆ.